ತಪ್ಪಿದ ಹೊಲಿಗೆ

ಆರು ವರ್ಷ ದಾರ ಕತ್ತರಿಸಿದವಳು ನಾನು,
ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ,
ಪ್ಯಾಂಟಿನ ರಾಶಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು.
ತಪ್ಪಿದ ಹೊಲಿಗೆ ಕಣ್ಣಿಗಲ್ಲ, ಹೆಬ್ಬೆರಳಿಗೆ ಸಿಗುತ್ತದೆ.
ಕಾಲಿನುದ್ದ ಓಡಿಸುತ್ತ ಹೋದರೆ
ಒಂದು ಕಡೆ ಸಣ್ಣಗೆ ಎಡವುತ್ತದೆ.

ಈಗ ಕುರ್ಚಿ ಕೊಟ್ಟಿದ್ದಾರೆ, ಕಂಪ್ಯೂಟರ್ ಕೊಟ್ಟಿದ್ದಾರೆ.
ಬೆಳಿಗ್ಗೆ ಫ್ಯಾನ್ ಹಾಕುವ ಮೊದಲು ಮೇಲ್ ತೆಗೆಯುತ್ತೇನೆ.
ಕಂಡರಿಯದ ದೇಶದಲ್ಲಿ ಸತ್ತ ಎಂಜಿನಿಯರೊಬ್ಬ
ತನ್ನ ನಲವತ್ತು ಕೋಟಿ ನನ್ನ ಹೆಸರಿಗೇ ಬರೆದಿಟ್ಟಿರುತ್ತಾನೆ.
ಕೊಳ್ಳದ ಲಾಟರಿ ಹೊಡೆದಿರುತ್ತದೆ.
ಮತ್ತೊಬ್ಬ ನನ್ನನ್ನು ‘ಪ್ರಿಯ ಸರ್’ ಎಂದು ಕರೆದು
ಮೊಣಕಾಲಿಗೆ ಎಣ್ಣೆ ಮಾರುತ್ತಾನೆ. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಇಂಥವು ಬೇಡವಾದರೆ ಇಲ್ಲಿ ಒತ್ತಿ.

ಒತ್ತುವುದಿಲ್ಲ.
ಓದು ಬಾರದ ನಮ್ಮಜ್ಜಿ, ಸಾಲಿಗೆ ಹೋಗುವ ಹುಡುಗರನ್ನು ಹಿಡಿದು
ಬಾಗಿಲಿಗೆ ‘ನಾಳೆ ಬಾ’ ಬರೆಸುತ್ತಿದ್ದಳು.
“ನಿಮ್ಮವ್ವನ ದನಿಯಾಗೇ ಕರಿತೈತಿ ಅದು.
ಒಂದ್ ಸಲಕ್ಕ ಓ ಅನಬ್ಯಾಡ.
ಮನುಷ್ಯರಾದ್ರ ಮೂರು ಸಲ ಕೂಗ್ತಾರ.”
ಬೇಡ ಅಂದರೂ ಓ ಅಂದಂತೆಯೇ.
ಒಳಗೆ ಜನ ಇದ್ದಾರೆಂದು ಗೊತ್ತಾಗಿಬಿಡುತ್ತದೆ.

ಮಂಗಳವಾರ ಬಂದದ್ದು ಆ ಪೈಕಿಯದಲ್ಲ.
ಅಹಮದಾಬಾದಿನ ನಮ್ಮ ಬಟ್ಟೆ ಸೇಠರದು.
ಅದೇ ಮುದ್ರೆ, ಅದೇ ನಮಸ್ಕಾರ,
ಹೋದ ತಿಂಗಳ ಬಿಲ್ ನಂಬರ್ ಕೂಡ ಸರಿಯಾಗಿತ್ತು.
ಬ್ಯಾಂಕ್ ಖಾತೆ ಬದಲಾಗಿದೆಯಂತೆ.
ನಾಲ್ಕು ಗಂಟೆಯೊಳಗೆ ಹಾಕಿದರೆ ಎರಡು ಪರ್ಸೆಂಟ್ ಬಿಡುತ್ತಾರಂತೆ.
ದಾದಾಪೀರಣ್ಣ ಒಗ್ಗರಣಿ ತಿಂದ ಕೈ ಒರೆಸಿಕೊಳ್ಳುತ್ತ ಬಂದ:
“ಮೂರು ಲಕ್ಷ ಎಂಬತ್ತು ಸಾವಿರ. ಹಾಕಿಬಿಡು ಸುಂಕಮ್ಮ, ಟೈಮಾತು.”

ಪರದೆಯ ಮೇಲೆ ಹೆಬ್ಬೆರಳು ಓಡಿಸಿದೆ. ಹಳೇ ಚಾಳಿ.
ಕಳಿಸಿದವರ ವಿಳಾಸದಲ್ಲಿ ಎಡವಿತು.
ಎಮ್ ಇರಬೇಕಾದಲ್ಲಿ
ಆರ್ ಒಂದು, ಎನ್ ಒಂದು
ಭುಜಕ್ಕೆ ಭುಜ ಒತ್ತಿ ನಿಂತು
ಉಸಿರು ಬಿಗಿಹಿಡಿದು
ಎಮ್‌ನ ವೇಷ ಹಾಕಿದ್ದವು.

ಮೇಲ್‌ನಲ್ಲಿದ್ದ ನಂಬರ್ ಮುಟ್ಟಲಿಲ್ಲ.
ಹಳೇ ಬಿಲ್ ಬುಕ್ಕಿನ ರಟ್ಟಿನ ಮೇಲೆ
ಪೆನ್ಸಿಲಿನಲ್ಲಿ ಗೀಚಿಟ್ಟ ನಂಬರಿಗೆ ಹಚ್ಚಿದೆ.
ಸೇಠ್ ಊಟಕ್ಕೆ ಕೂತಿದ್ದರು.
“ಕೌನ್ಸಾ ಖಾತಾ?” ಅಂದರು, ತುತ್ತು ಬಾಯಲ್ಲಿಟ್ಟುಕೊಂಡೇ.

ದಾದಾಪೀರಣ್ಣ ಎಲ್ಲರಿಗೂ ಮಿರ್ಚಿ ತರಿಸಿದ.
ಮಷಿನ್‌ಗಳು ಹತ್ತು ನಿಮಿಷ ಸುಮ್ಮನಿದ್ದವು.
ಸುಂಕಮ್ಮನ ಕಣ್ಣು ಅಂದ್ರ ಕಣ್ಣು, ಅಂದರು.
ನನಗೆ ಮಿರ್ಚಿ ಗಂಟಲಿಗಿಳಿಯಲಿಲ್ಲ.
ಕಾಜಾ ಮಷಿನ್ನಿನ ಮುಂದಿನ ಸ್ಟೂಲ್ ಖಾಲಿ ಇತ್ತು.

ಹುಲಿಗೆಮ್ಮ ಕೂರುತ್ತಿದ್ದ ಸ್ಟೂಲ್ ಅದು.
‘ಬಿಲ್ ಬಾಕಿ. ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್’
ಎಂದು ಅವಳಿಗೆ ಮೆಸೇಜ್ ಬಂದಿತ್ತು.
ಮರುದಿನ ಮಗಳಿಗೆ ಗಣಿತದ ಪರೀಕ್ಷೆ.
ಅವರು ಹೇಳಿದ್ದನ್ನೆಲ್ಲ ಒತ್ತಿದಳು, ಕೇಳಿದ್ದನ್ನೆಲ್ಲ ಹೇಳಿದಳು.
ಹದಿನೆಂಟು ಸಾವಿರದ ನಾನೂರು. ಚೀಟಿ ಎತ್ತಿದ ದುಡ್ಡು.
ಅವತ್ತೇ 1930ಕ್ಕೆ ಫೋನ್ ಹಚ್ಚಿದ್ದರೆ
ಅರ್ಧವಾದರೂ ಉಳಿಯುತ್ತಿತ್ತೇನೋ.
ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ.
ಹನ್ನೆರಡನೇ ದಿನ ನನ್ನ ಕಿವಿಯಲ್ಲಿ ಹೇಳಿದಳು.
ನಾನು ನಕ್ಕೆ.
“ಅಷ್ಟೂ ತಿಳಿಯಂಗಿಲ್ಲೇನೇ ನಿನಗ?”
ಮಷಿನ್ ಸದ್ದಿನಲ್ಲೂ ಎಲ್ಲರಿಗೂ ಕೇಳುವ ಹಾಗೆ.

ಸಂಜೆ ಫೋನ್ ಮಾಡಿದೆ. ಎತ್ತಲಿಲ್ಲ.
ಈಗ ಯಾರ ಫೋನನ್ನೂ ಎತ್ತುವುದಿಲ್ಲವಂತೆ.
ಕೌಲ್ ಬಜಾರಿನ ಗಲ್ಲಿ ಹುಡುಕಿಕೊಂಡು ಹೋದೆ.
ಡೈಯಿಂಗ್ ಯೂನಿಟ್ಟಿನ ನೀಲಿ ನೀರು
ಚರಂಡಿಯಲ್ಲಿ ಇನ್ನೂ ಬೆಚ್ಚಗೆ ಹರಿಯುತ್ತಿತ್ತು.
ಬಾಗಿಲು ಹಾಕಿತ್ತು.

ಹುಲಿಗೆಮ್ಮಾ, ಅಂದೆ.
ಒಳಗೆ ಪಾತ್ರೆಯ ಸದ್ದು ನಿಂತಿತು.
ಹುಲಿಗೆಮ್ಮಾ.
ಪಕ್ಕದ ಮನೆಯ ಮುದುಕಿ ತಲೆ ಹಾಕಿ ನೋಡಿ ಹೋದಳು.
ಹುಲಿಗೆಮ್ಮಾ.

“ಯಾರದು?”
“ನಾನವ್ವಾ, ಸುಂಕಮ್ಮ.”
“ಯಾವ ಸುಂಕಮ್ಮ?”

ಕೇಳಬೇಕಾದ್ದೇ.

“ಅವತ್ತು ನಕ್ಕಾಕಿ.”